ಎಂಟು ಲೋಟ ನೀರು, ಒಂದು ಬೀಗ

ಕೋಲಾರದಲ್ಲಿ ಮೊನ್ನೆ ಯುವಜನರ ಆರೋಗ್ಯ ಜಾಥಾ ನಡೆಯಿತು. ನಮ್ಮ ಅಕ್ಕನ ಮಗಳು ಭಾಗವಹಿಸಿದ್ದಳು. ಭಾಗವಹಿಸಿದ್ದಳು ಅನ್ನೋದಕ್ಕಿಂತ ನಿಂತಿದ್ದಳು ಅಂದರೆ ಸರಿ. ಏಳೂವರೆಗೆ ಬರದಿದ್ದರೆ ಅಟೆಂಡೆನ್ಸ್ ಇಲ್ಲ ಅಂದಿದ್ದರಂತೆ. ಊರಿಂದ ಬಸ್ಸು ಇರೋದು ಆರೂಕಾಲಿಗೆ. ಅದು ತಪ್ಪಿದರೆ ಒಂಬತ್ತಕ್ಕೆ. ಹಾಗಾಗಿ ತಿಂಡಿ ಇಲ್ಲ.

ಉದ್ಘಾಟಕರು ಬಂದಿದ್ದು ಹತ್ತೂ ಇಪ್ಪತ್ತಕ್ಕೆ. ಬಂದವರೇ ಮೈಕ್ ಹಿಡಿದು, "ಇವತ್ತಿನ ಹುಡುಗರು ಬೆಳಗಿನ ತಿಂಡಿ ಬಿಡ್ತಾರೆ, ಎಲ್ಲ ಕಾಯಿಲೆಗೂ ಅದೇ ಮೂಲ" ಅಂದರು. ಅಷ್ಟರಲ್ಲಿ ಮೂರನೇ ಸಾಲಿನಲ್ಲಿ ಒಬ್ಬಳು ದೊಪ್ಪಂತ ಬಿದ್ದಳು. ಯಾರೋ ಗ್ಲೂಕೋಸ್ ತಂದರು. ಉದ್ಘಾಟಕರು ಅವಳ ಕಡೆ ಬೆರಳು ತೋರಿಸಿ, "ನೋಡಿದ್ರಾ, ನಾನು ಹೇಳಲಿಲ್ವಾ" ಅಂದರಂತೆ. ಭಾಷಣಕ್ಕೆ ಇಷ್ಟು ತಾಜಾ ಉದಾಹರಣೆ ಎಲ್ಲರಿಗೂ ಸಿಗೋದಿಲ್ಲ.

ಆಮೇಲೆ ಪ್ರತಿಜ್ಞೆ. ಬಲಗೈ ಮುಂದೆ ಚಾಚಿ ಎಲ್ಲರೂ ಒಟ್ಟಿಗೆ ಹೇಳಬೇಕು: "ನಾನು ದಿನಕ್ಕೆ ಎಂಟು ಲೋಟ ನೀರು ಕುಡಿಯುತ್ತೇನೆ." ನಮ್ಮ ಹುಡುಗಿಯೂ ಹೇಳಿದಳು. ಆದರೆ ಕಾಲೇಜಿರುವ ದಿನ ಅವಳು ಬಾಯಿ ಮುಕ್ಕಳಿಸೋದು ಬಿಟ್ಟರೆ ನೀರು ಮುಟ್ಟೋದಿಲ್ಲ. ಅಕ್ಕ ಬ್ಯಾಗಲ್ಲಿ ಇಟ್ಟ ಬಾಟಲಿ ಸಂಜೆ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತದೆ. "ಯಾಕೆ ಪುಟ್ಟಿ?" ಅಂತ ಕೇಳಿದೆ.

"ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಮಾವ."

ಹೆಣ್ಣುಮಕ್ಕಳಿಗೆ ಅಂತ ಕಾಲೇಜಲ್ಲಿ ಎರಡು ಶೌಚಾಲಯ ಇವೆ. ಒಂದಕ್ಕೆ ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಇನ್ನೊಂದಕ್ಕೆ ಬೀಗ. ಅದರೊಳಗೆ ಬಿಳಿ ಟೈಲ್ಸು, ಕನ್ನಡಿ, ಕೈ ತೊಳೆಯೋಕೆ ಸೋಪಿನ ಬಾಟಲಿ ಎಲ್ಲ ಇದೆಯಂತೆ. ಕಾಲೇಜುಗಳನ್ನು ನೋಡಿ ದರ್ಜೆ ಕೊಡೋ ನ್ಯಾಕ್ ತಂಡ ಬಂದಾಗ ಎರಡು ದಿನ ತೆಗೆದಿದ್ದರು. ಮೂರನೇ ದಿನ "ಗಲೀಜಾಗುತ್ತೆ" ಅಂತ ಮತ್ತೆ ಬೀಗ ಬಿತ್ತು. ಬಳಸಿದರೆ ಶೌಚಾಲಯ ಗಲೀಜಾಗುತ್ತೆ ಅನ್ನೋದು ನಿಜವೇ. ಬಳಸೋಕೆ ಬಿಡದೆ ಇದ್ದರೆ ಹುಡುಗಿಯರಿಗೆ ಮೂತ್ರದ ಸೋಂಕಾಗುತ್ತೆ ಅನ್ನೋದೂ ನಿಜ. ಮೊದಲನೆಯದು ಕಾಲೇಜಿನ ಲೆಕ್ಕಕ್ಕೆ ಬರುತ್ತದೆ, ಎರಡನೆಯದು ಅಕ್ಕನ ಲೆಕ್ಕಕ್ಕೆ. ಹೋದ ವರ್ಷ ಜ್ವರ, ಉರಿ ಅಂತ ಕರೆದುಕೊಂಡು ಹೋದಾಗ ಡಾಕ್ಟರು, "ನೀರು ಕುಡಿಯಲ್ವೇನಮ್ಮ? ಈಗಿನ ಹುಡುಗಿಯರೇ ಇಷ್ಟು" ಅಂತ ಬೈದು ಐದು ದಿನದ ಮಾತ್ರೆ ಬರೆದರು. ಬೀಗದ ಕೈ ಬರೆಯಲಿಲ್ಲ. ಅದು ಮೆಡಿಕಲ್ ಸ್ಟೋರಲ್ಲಿ ಸಿಗಲ್ಲ, ಅಟೆಂಡರ್ ಹತ್ತಿರ ಇರುತ್ತೆ.

ನೀರಿನ ಮಾತು ಬಂತಲ್ಲ. ನಮ್ಮ ಕಡೆ ಯಾವ ಮಾತು ಶುರು ಮಾಡಿದರೂ ಅಲ್ಲಿಗೇ ಬರುತ್ತದೆ. ಬೋರ್‌ವೆಲ್ 1,200 ಅಡಿ, 1,500 ಅಡಿಗೆ ಇಳಿದಿವೆ. ಅಷ್ಟು ಆಳದ ನೀರು ಬಂಡೆಯ ಫ್ಲೋರೈಡನ್ನೂ ಜೊತೆಗೇ ಕರೆದುಕೊಂಡು ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿದೆ. ಜಿಲ್ಲೆಯ ಎಷ್ಟೋ ಊರಿನ ಬೋರ್‌ವೆಲ್ ಆ ಗೆರೆಯನ್ನು ಯಾವಾಗಲೋ ದಾಟಿವೆ. ನಾವು ಬೆಂಗಳೂರಿಗೆ ಹಾಲು, ಟೊಮೆಟೊ ಕಳಿಸುತ್ತೇವೆ. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ನಮ್ಮ ಕೆರೆಗಳಿಗೆ ಕಳಿಸುತ್ತಿದೆ. ಮೂರನೇ ಹಂತವನ್ನೂ ಮಾಡಿ ಅಂತ ಇಲ್ಲಿಯವರು ಕೇಳುತ್ತಲೇ ಇದ್ದಾರೆ. ಕೊಡು ಕೊಳ್ಳೋ ವ್ಯವಹಾರ ಅಂದರೆ ಹೀಗಿರಬೇಕು, ಅಲ್ವಾ?

ಜಾಥಾದಲ್ಲಿ ಹಲ್ಲು ನೋಡೋ ಸ್ಟಾಲೂ ಇತ್ತು. ಮುಳಬಾಗಿಲು ಕಡೆಯ ಹುಡುಗ ಒಬ್ಬ ಬಾಯಿ ತೆರೆದ. ಮುಂದಿನ ನಾಲ್ಕು ಹಲ್ಲಿಗೂ ಅಡ್ಡಡ್ಡ ಕಂದು ಗೆರೆ, ಮರದ ಹಲಗೆ ಥರ. ಟೇಬಲ್ ಹಿಂದೆ ಕೂತಿದ್ದ ಸ್ವಯಂಸೇವಕರು, "ಸರಿಯಾಗಿ ಉಜ್ಜಲ್ವೇನೋ? ಗುಟ್ಕಾನಾ?" ಅಂತ ಗದರಿದರು. ಆ ಕಂದು ಬಣ್ಣ ಹಲ್ಲು ಇನ್ನೂ ವಸಡಿನೊಳಗೆ ಇದ್ದಾಗಲೇ, ಏಳೆಂಟು ವರ್ಷದ ಒಳಗೇ ಕೂತಿರುತ್ತದೆ. ಕುಡಿದ ನೀರಲ್ಲಿದ್ದ ಫ್ಲೋರೈಡಿನದು. ಉಜ್ಜಿದರೆ ಬ್ರಷ್ಷು ಸವೆಯುತ್ತೆ, ಅದು ಹೋಗಲ್ಲ. ಪಾಪ ಹುಡುಗ ಬಾಯಿ ಮುಚ್ಚಿಕೊಂಡ. ಕೈಗೆ ಒಂದು ಪೇಸ್ಟ್ ಕೊಟ್ಟು ಕಳಿಸಿದರು. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ 'ಫ್ಲೋರೈಡ್ ಯುಕ್ತ'. (ಪೇಸ್ಟಿನ ತಪ್ಪಲ್ಲ ಬಿಡಿ, ಹುಳುಕಿಗೆ ಅದು ಒಳ್ಳೆಯದೇ. ಸುಮ್ನೆ ನಗು ಬಂತು, ಹೇಳಿದೆ.) ಅವನ ಊರಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರಬೇಕು. ನಾಣ್ಯ ಒಳಗೆ ಹೋಗುತ್ತೆ. ಅಷ್ಟೇ.

1986ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಸೇರಿದವರು ಆರೋಗ್ಯಕ್ಕೆ ಏನೇನು ಬೇಕು ಅಂತ ಒಂದು ಸನ್ನದು ಬರೆದರು. ಶಾಂತಿ, ಸೂರು, ಓದು, ಊಟ, ಆದಾಯ, ನ್ಯಾಯ ಅಂತೆಲ್ಲ ಇದೆ. ಜನ ಕಲಿಯೋ, ದುಡಿಯೋ, ಆಡೋ ಜಾಗದಲ್ಲೇ ಆರೋಗ್ಯ ಹುಟ್ಟುತ್ತೆ ಅಂತಲೂ ಇದೆ. ಎಷ್ಟು ಹುಡುಕಿದರೂ ಅದರಲ್ಲಿ ಫ್ಲೆಕ್ಸು ಸಿಗಲಿಲ್ಲ, ಸೆಲ್ಫಿ ಬೂತೂ ಇಲ್ಲ. ಪಾಪ, ಹಳೇ ಕಾಲದವರು.

ಆಡೋ ಜಾಗ ಅಂದೆನಲ್ಲ, ಜಾಥಾದ ವೇದಿಕೆ ಹಾಕಿದ್ದು ವಾಲಿಬಾಲ್ ಕೋರ್ಟಿನ ಮೇಲೆ. ಶಾಮಿಯಾನದ ಕಂಬ ಕಿತ್ತುಕೊಂಡು ಹೋದರು, ಗುಂಡಿ ಬಿಟ್ಟು ಹೋದರು. 'ಕ್ರೀಡೆಯಿಂದ ಆರೋಗ್ಯ' ಅನ್ನೋ ಬ್ಯಾನರ್ ಇನ್ನೂ ಅಲ್ಲೇ ಇದೆ, ಒಂದು ಗುಂಡಿಯನ್ನು ಮುಚ್ಚೋಕೆ ಉಪಯೋಗ ಆಗಿದೆ.

ಗೇಟಿನ ಹತ್ತಿರದ ಬೀಡಿ ಸಿಗರೇಟಿನ ಅಂಗಡಿಗೂ ಜಾಥಾ ಹೋಯಿತು. 2003ರ ಕಾನೂನು ಪ್ರಕಾರ ಕಾಲೇಜಿನಿಂದ 100 ಗಜದ ಒಳಗೆ ತಂಬಾಕು ಮಾರಬಾರದು. ಟೇಪು ಹಿಡಿದು ಅಳೆದರು. ಅಂಗಡಿಯವನು ಗಟ್ಟಿಗ. ರಸ್ತೆ ಕಡೆ ಇದ್ದ ಬಾಗಿಲನ್ನು ಹಿಂದಿನ ಓಣಿಗೆ ತಿರುಗಿಸಿಕೊಂಡಿದ್ದ. ಓಣಿ ಸುತ್ತಿಕೊಂಡು ಅಳೆದರೆ 104 ಗಜ ಬಂತು. ಅಳೆದವರು ಬಿಸಿಲಿಗೆ ಸುಸ್ತಾಗಿ ಅಲ್ಲೇ ಜ್ಯೂಸ್ ಕುಡಿದು ಬಂದರು.

ಸಂಜೆ ಐದೂವರೆಗೆ ಹುಡುಗಿ ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡದೆ ಸೀದಾ ಬಚ್ಚಲಿಗೆ ಓಡಿದಳು. ಬಂದು ಒಂದು ಚೊಂಬು ನೀರು ಗಟಗಟ ಕುಡಿದು, ಜಾಥಾದಲ್ಲಿ ಕೊಟ್ಟ ಟೀ ಶರ್ಟನ್ನು ಮಂಚದ ಮೇಲೆ ಎಸೆದಳು. ಎಲ್ಲರಿಗೂ ಒಂದೇ ಸೈಜು, ಅವಳಂಥವರು ಇಬ್ಬರು ಹಿಡಿಸಬಹುದು. ಬೆನ್ನ ಮೇಲೆ 'ನಾನು ಆರೋಗ್ಯವಂತ ಯುವಶಕ್ತಿ' ಅಂತ ಬರೆದಿದೆ.

ಈಗ ಅದನ್ನು ಅವರ ತಾತ, ಅಂದರೆ ನಮ್ಮಪ್ಪ, ಹಾಕಿಕೊಳ್ಳುತ್ತಾರೆ. ಎಪ್ಪತ್ತಾರು ವಯಸ್ಸು. ದಿನಾ ಬೆಳಗ್ಗೆ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕೋಕೆ ಹೊರಟಾಗ ಬೆನ್ನು ಓದಿ ಊರೆಲ್ಲ ನಗುತ್ತೆ. ಅವರಿಗೂ ಖುಷಿ. "ಬಟ್ಟೆ ಗಟ್ಟಿಯಾಗಿದೆ ಕಣೋ, ಮುಂದಿನ ಸಲ ಇನ್ನೊಂದು ಇಸ್ಕೊಂಡು ಬಾ ಅನ್ನು ಮಗೂಗೆ" ಅಂತಾರೆ.