ತಾತ ನೂರು ವರ್ಷ ಬಾಳಲಿ, ಫೀಸು ಬಾಕಿ ಇದೆ

ಬೆಂಗಳೂರಿನ ಯಾವುದಾದರೂ ಖಾಸಗಿ ಶಾಲೆಯ ಎಲ್‌ಕೆಜಿ ಅರ್ಜಿ ತೆಗೆದು ನೋಡಿ. ತಂದೆಯ ಹೆಸರು, ಓದು, ಉದ್ಯೋಗ, ವರ್ಷದ ಆದಾಯ. ತಾಯಿಗೂ ಅಷ್ಟೇ ಉದ್ದದ ಪಟ್ಟಿ. ಮಗುವಿನ ರಕ್ತದ ಗುಂಪು, ಮನೆಮಾತು, ಅಲರ್ಜಿ, ಎಲ್ಲಕ್ಕೂ ಜಾಗ ಇದೆ. ಫೀಸು ಕಟ್ಟುವವರ ಹೆಸರು ಬರೆಯೋದಕ್ಕೆ ಮಾತ್ರ ಜಾಗ ಇಲ್ಲ. ಇಂಟರ್‌ವ್ಯೂ ದಿನ ಅಪ್ಪ, ಅಮ್ಮ ಇಸ್ತ್ರಿ ಬಟ್ಟೆ ಹಾಕಿಕೊಂಡು ಒಳಗೆ ಹೋಗುತ್ತಾರೆ. ‘ನಿಮ್ಮ ಮಗುವಿನ ಭವಿಷ್ಯದ ಬಗ್ಗೆ ಏನು ಕನಸು ಇಟ್ಟುಕೊಂಡಿದ್ದೀರಿ’ ಅಂತ ಪ್ರಿನ್ಸಿಪಾಲರು ಕೇಳುತ್ತಾರೆ. ಆ ಕನಸಿಗೆ ಚೆಕ್ ಬರೆಯಬೇಕಾದ ತಾತ ಗೇಟಿನ ಹತ್ತಿರ ಎರಡು ಹೆಲ್ಮೆಟ್ ಹಿಡಿದುಕೊಂಡು ವಾಚ್‌ಮನ್ ಜೊತೆ ಮಳೆ, ಬೆಳೆ ಮಾತಾಡುತ್ತಿರುತ್ತಾರೆ.

ಹಿಂದೆ ಇದಕ್ಕೆಲ್ಲ ಒಂದು ಲೆಕ್ಕ ಇತ್ತು. ಚೊಚ್ಚಲ ಬಾಣಂತನ ತವರಿನ ಖರ್ಚು. ತೊಟ್ಟಿಲು, ಬೆಳ್ಳಿ ಉಡಿದಾರ, ಕಾಲಿಗೆ ಗೆಜ್ಜೆ ಕೊಟ್ಟರೆ ಅಜ್ಜಿ ಮನೆಯ ಬಾಕಿ ಚುಕ್ತಾ. ಆಮೇಲೆ ಬೇಸಿಗೆ ರಜೆಗೆ ಬಂದಾಗ ಮಾವಿನಹಣ್ಣು, ಹೊರಡುವಾಗ ಕೈಯಲ್ಲೊಂದು ನೋಟು, ಅಷ್ಟೇ. ಈಗ ಆ ಲೆಕ್ಕ ತೊಟ್ಟಿಲಿನಿಂದ ಟ್ಯಾಬ್‌ವರೆಗೆ ಬಂದು ನಿಂತಿದೆ. ಅದರಲ್ಲೂ ಎರಡು ಕಡೆಯವರೂ ಗಟ್ಟಿಮುಟ್ಟಾಗಿದ್ದರೆ ಮಗುವಿನ ಅಪ್ಪ, ಅಮ್ಮನಿಗೆ ಸುಗ್ಗಿ. ‘ಬೀಗರು ಸೈಕಲ್ ಕೊಡಿಸಿದರಂತೆ’ ಅಂತ ಒಂದು ಮಾತು ಸುಮ್ನೆ ಕಿವಿಗೆ ಹಾಕಿದರೆ ಸಾಕು. ಈ ಕಡೆಯ ಅಜ್ಜಿ ಗೇರ್ ಸೈಕಲ್ ಬೆಲೆ ವಿಚಾರಿಸಲು ಹೊರಟಿರುತ್ತಾರೆ.

ಮಗ, ಸೊಸೆ ಇಬ್ಬರೂ ದುಡಿಯುತ್ತಾರೆ. ಇಬ್ಬರ ಸಂಬಳ ಸೇರಿಸಿದರೆ ತಾತ ಸರ್ವಿಸ್‌ನ ಕೊನೆಯ ವರ್ಷ ಪಡೆದ ಸಂಬಳದ ಎಷ್ಟೋ ಪಟ್ಟು. ಆದರೆ ಅಷ್ಟೂ ದುಡ್ಡಿಗೆ ಮೊದಲೇ ಯಜಮಾನರಿದ್ದಾರೆ. ಫ್ಲ್ಯಾಟ್‌ನ ಇಎಂಐ, ಕಾರಿನ ಇಎಂಐ, ವರ್ಷಕ್ಕೊಂದು ವಿದೇಶ ಪ್ರವಾಸದ ಇಎಂಐ. ಮಗುವಿನ ಖರ್ಚು ಮಾತ್ರ ಕ್ಯಾಶ್. ಅದಕ್ಕೇ ಏಪ್ರಿಲ್ ಹತ್ತಿರ ಬರುತ್ತಿದ್ದ ಹಾಗೆ ಮಗನಿಗೆ ಅಪ್ಪನ ನೆನಪು ಜಾಸ್ತಿಯಾಗುತ್ತದೆ.

‘ಅಪ್ಪಾ, ಊಟ ಆಯ್ತಾ? ಬಿಪಿ ಮಾತ್ರೆ ತಗೊಂಡ್ರಾ?’

‘ಎಷ್ಟು?’

‘ಒಂದು ಮಾತ್ರೆ ಅಲ್ವಾ ಡಾಕ್ಟ್ರು ಹೇಳಿದ್ದು?’

‘ಫೀಸು ಎಷ್ಟು ಅಂತ ಕೇಳಿದೆ ಕಣೋ.’

ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಫೈಲು ನೋಡಿದ ಮನುಷ್ಯ. ಅರ್ಜಿಯ ಮೊದಲ ಸಾಲಿನಲ್ಲೇ ಕೊನೆಯ ಸಾಲು ಓದಿಬಿಡುತ್ತಾರೆ.

ಇಂಥ ಮನೆಗಳಲ್ಲಿ ಪಿಂಚಣಿಯ ನಿಯಮಗಳು ಪಿಂಚಣಿದಾರರಿಗಿಂತ ಮಕ್ಕಳಿಗೇ ಚೆನ್ನಾಗಿ ಗೊತ್ತು. ತುಟ್ಟಿಭತ್ಯೆ ಏರಿತು ಅಂತ ಟಿವಿಯಲ್ಲಿ ಬಂದರೆ ಮೊದಲ ಅಭಿನಂದನೆ ಮಗನದ್ದೇ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿಯನ್ನು 2023ರಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದರಲ್ಲ, ಆಗ ತಾತನಿಗಿಂತ ಜಾಸ್ತಿ ಖುಷಿಪಟ್ಟವನೂ ಅವನೇ. ಶೇ 8.2ರ ಬಡ್ಡಿಗೆ 30 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಕೈಗೆ ಬರುತ್ತದೆ. ಮುಪ್ಪಿನಲ್ಲಿ ಔಷಧಿಗೆ, ಕಾಶಿ ಯಾತ್ರೆಗೆ ಆಗಲಿ ಅಂತ ಸರ್ಕಾರ ಮಾಡಿದ ಯೋಜನೆ ಇದು. ಶಾಲೆಯವರೂ ಫೀಸನ್ನು ಕಂತು ಮಾಡಿದ್ದಾರೆ. ಎರಡೂ ಎಷ್ಟು ಚೆನ್ನಾಗಿ ಹೊಂದುತ್ತವೆ ಅಂದರೆ, ಜಾತಕ ನೋಡಿ ಮಾಡಿದ ಮದುವೆಯಲ್ಲೂ ಅಷ್ಟು ಹೊಂದಾಣಿಕೆ ಇರುವುದಿಲ್ಲ.

ಇನ್ನೊಂದು ನಿಯಮ ಇದೆ, ಅದು ಇನ್ನೂ ರುಚಿ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಜಾಸ್ತಿ ಸಿಗುತ್ತದೆ. 85ಕ್ಕೆ ಶೇ 30, 90ಕ್ಕೆ 40, 95ಕ್ಕೆ 50. ನೂರು ತುಂಬಿದರೆ ಮೂಲ ಪಿಂಚಣಿ ಡಬಲ್! ಮನೆಯವರು ಇದಕ್ಕೆ ತಕ್ಕ ಹಾಗೆ ಮಗುವಿನ ಓದಿನ ಪ್ಲ್ಯಾನ್ ಮಾಡಿಕೊಳ್ಳಬಹುದು. ತಾತನಿಗೆ 80 ಆದಾಗ ಮೊಮ್ಮಗ ಆರನೇ ಕ್ಲಾಸು. 85ಕ್ಕೆ ಪಿಯುಸಿ, ಜೊತೆಗೆ ನೀಟ್ ಕೋಚಿಂಗ್. ಮ್ಯಾನೇಜ್‌ಮೆಂಟ್ ಕೋಟಾದ ಮೆಡಿಕಲ್ ಸೀಟೇ ಬೇಕು ಅಂದರೆ ತಾತ ನೂರು ಮುಟ್ಟಲೇಬೇಕು. ತಾತನ ತಟ್ಟೆಯಿಂದ ಉಪ್ಪಿನಕಾಯಿ, ಹಪ್ಪಳ, ಮೈಸೂರು ಪಾಕ್ ಒಂದೊಂದಾಗಿ ಮಾಯವಾಗುವುದಕ್ಕೆ ಬರೀ ಪ್ರೀತಿ ಕಾರಣ ಅಂದುಕೊಳ್ಳಬೇಡಿ. ಬೆಳಗ್ಗೆ ಐದೂವರೆಗೆ ಎಬ್ಬಿಸಿ ಪಾರ್ಕಿಗೆ ವಾಕಿಂಗ್ ಕಳಿಸುವುದೂ ಅದೇ ಲೆಕ್ಕಕ್ಕೆ. ತಾತ ಇನ್ನೂ ಬದುಕಿದ್ದಾರೆ ಅಂತ ಬ್ಯಾಂಕಿಗೆ ಸರ್ಟಿಫಿಕೇಟು ಬೇಕಾಗುವುದು ವರ್ಷಕ್ಕೊಮ್ಮೆ, ನವೆಂಬರ್‌ನಲ್ಲಿ. ಮನೆಯಲ್ಲಿ ಪ್ರತಿ ಟರ್ಮಿಗೂ ಬೇಕು.

ಶಾಲೆಗೆ ಈ ಗುಟ್ಟು ಗೊತ್ತಿಲ್ಲ ಅಂತಲೂ ಅಂದುಕೊಳ್ಳಬೇಡಿ. ಅದಕ್ಕೇ ವರ್ಷಕ್ಕೊಂದು ದಿನ ‘ಗ್ರ್ಯಾಂಡ್‌ಪೇರೆಂಟ್ಸ್ ಡೇ’. ಮಂಡಿನೋವಿನ ಅಜ್ಜಿಯರಿಂದ ಮ್ಯೂಸಿಕಲ್ ಚೇರ್ ಆಡಿಸುತ್ತಾರೆ. ತಾತಂದಿರಿಗೊಂದು ಗುಲಾಬಿ ಹೂ ಕೊಟ್ಟು ಫೋಟೋ ತೆಗೆಯುತ್ತಾರೆ. ಮುಂದಿನ ವರ್ಷದ ಫೀಸಿನ ಪಟ್ಟಿ ಆ ಹೂವಿನ ಹಿಂದೆಯೇ ಬರುತ್ತದೆ.

ಹೋಗಲಿ, ಇಷ್ಟು ದುಡ್ಡು ಹಾಕುವವರಿಗೆ ಕಾನೂನು ಏನಾದರೂ ಮರ್ಯಾದೆ ಕೊಟ್ಟಿದೆಯಾ ಅಂತ ಹುಡುಕಿದರೆ ಅಲ್ಲಿ ಇನ್ನೂ ದೊಡ್ಡ ತಮಾಷೆ. ಹಳೇ ತೆರಿಗೆ ಪದ್ಧತಿಯಲ್ಲಿ ಟ್ಯೂಷನ್ ಫೀಗೆ ವಿನಾಯಿತಿ ಇದೆ. ಯಾರಿಗೆ? ತಮ್ಮ ಮಕ್ಕಳ ಫೀಸು ಕಟ್ಟಿದವರಿಗೆ. ಮೊಮ್ಮಕ್ಕಳ ಫೀಸು ಕಟ್ಟಿದರೆ ಇಲ್ಲ. (ಡೊನೇಷನ್‌ಗೆ ಯಾರಿಗೂ ವಿನಾಯಿತಿ ಇಲ್ಲ. ಡೊನೇಷನ್ ತಗೊಂಡಿದ್ದೇವೆ ಅಂತ ಯಾವ ಶಾಲೆಯೂ ಹೇಳುವುದಿಲ್ಲ, ಆ ಮಾತು ಬೇರೆ.) ಶಾಲೆ ಕೊಡುವ ರಸೀದಿಯಲ್ಲಿ ಮಗನ ಹೆಸರಿರುತ್ತದೆ. ಆಫೀಸಿನವರು ಪ್ರೂಫ್ ಕೇಳಿದಾಗ ಮಗ ಧೈರ್ಯವಾಗಿ ಅದನ್ನೇ ಅಪ್‌ಲೋಡ್ ಮಾಡುತ್ತಾನೆ. ಕಟ್ಟಿದವರಿಗೆ ವಿನಾಯಿತಿ ಇಲ್ಲ, ವಿನಾಯಿತಿ ಪಡೆದವರು ಕಟ್ಟಿಲ್ಲ. ಇದರ ಸಹವಾಸವೇ ಬೇಡ ಅಂತ ತಾತ ಮೊಮ್ಮಗನ ಹೆಸರಲ್ಲಿ ಎಫ್‌ಡಿ ಇಟ್ಟರೆ, ಅದರ ಬಡ್ಡಿ ಅಪ್ಪ, ಅಮ್ಮ ಇಬ್ಬರಲ್ಲಿ ಯಾರ ಆದಾಯ ಜಾಸ್ತಿಯೋ ಅವರ ಲೆಕ್ಕಕ್ಕೆ ಸೇರುತ್ತದೆ. ‘ಏನಪ್ಪಾ ನೀವು, ನನ್ನ ಟ್ಯಾಕ್ಸ್ ಜಾಸ್ತಿ ಮಾಡಿಬಿಟ್ರಲ್ಲ’ ಅಂತ ಮಗ ರೇಗುತ್ತಾನೆ. ತಾತ ಆ ಟ್ಯಾಕ್ಸನ್ನೂ ಕೊಟ್ಟು ಸಮಾಧಾನ ಮಾಡುತ್ತಾರೆ.

ಅಜ್ಜಿಯ ಕಥೆ ಕೇಳಿ. 2015ರಲ್ಲಿ ಸುಕನ್ಯಾ ಸಮೃದ್ಧಿ ಯೋಜನೆ ಬಂತು. ಎಷ್ಟೋ ಊರುಗಳಲ್ಲಿ ಅಜ್ಜಿಯರೇ ಪೋಸ್ಟಾಫೀಸಿಗೆ ಹೋಗಿ ಮೊಮ್ಮಗಳ ಹೆಸರಲ್ಲಿ ಖಾತೆ ತೆರೆದರು. ಕೌಂಟರಿನಲ್ಲಿದ್ದವರು ದುಡ್ಡು ಎಣಿಸಿಕೊಂಡು ಪಾಸ್‌ಬುಕ್ ಕೊಟ್ಟರು. 2024ರಲ್ಲಿ ಕೇಂದ್ರ ಹಣಕಾಸು ಸಚಿವಾಲಯಕ್ಕೆ ಜ್ಞಾನೋದಯವಾಯಿತು. ಅಜ್ಜ, ಅಜ್ಜಿ ಕಾನೂನಿನ ಪ್ರಕಾರ ಪೋಷಕರಲ್ಲ, ಅವರು ತೆರೆದ ಖಾತೆಗಳನ್ನು ಅಪ್ಪ, ಅಮ್ಮನ ಪೋಷಣೆಗೆ ವರ್ಗಾಯಿಸಿ ಅಂತ ಸೂಚನೆ ಬಂತು. ಸರಿ, ಅಜ್ಜಿ ಆಧಾರ್ ಕಾರ್ಡು, ಜನನ ಪ್ರಮಾಣಪತ್ರ, ಮಗ, ಸೊಸೆ ಎಲ್ಲರನ್ನೂ ಕರೆದುಕೊಂಡು ಹೋಗಿ ಸಹಿ ಹಾಕಿಸಿದರು. ಈಗ ಪಾಸ್‌ಬುಕ್ಕಿನಲ್ಲಿ ಮಗನ ಹೆಸರು. ವರ್ಷಕ್ಕೊಮ್ಮೆ ದುಡ್ಡು ಕಟ್ಟಲು ಕ್ಯೂ ನಿಲ್ಲುವವರು ಅಜ್ಜಿಯೇ. ಕ್ಯೂ ನಿಲ್ಲುವುದಕ್ಕೆ ಕಾನೂನಿನ ಅಡ್ಡಿ ಇಲ್ಲ.

ಇದೇ ದೇಶದಲ್ಲಿ 2007ರ ಇನ್ನೊಂದು ಕಾಯ್ದೆ ಇದೆ, ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯದ್ದು. ಅದರ ಪ್ರಕಾರ ಹಿರಿಯರನ್ನು ಸಾಕಬೇಕಾದ ‘ಮಕ್ಕಳು’ ಅಂದರೆ ಮೊಮ್ಮಕ್ಕಳೂ ಸೇರುತ್ತಾರೆ. ಅಪ್ರಾಪ್ತರಿಗೆ ಮಾತ್ರ ರಿಯಾಯಿತಿ. ಅಂದರೆ ಎಲ್‌ಕೆಜಿಯ ಆ ಹುಡುಗನಿಗೆ 18 ತುಂಬಿದ ದಿನ ತಾತನನ್ನು ಸಾಕುವ ಜವಾಬ್ದಾರಿ ಅವನ ಮೇಲೂ ಬೀಳುತ್ತದೆ. ಜೀವನಾಂಶಕ್ಕೆ ತಿಂಗಳಿಗೆ ಗರಿಷ್ಠ 10,000 ರೂಪಾಯಿ ಮಿತಿ. ಅದು ಇವತ್ತಿನ ಸ್ಕೂಲ್ ವ್ಯಾನು, ಅಬ್ಯಾಕಸ್, ಕರಾಟೆ ಕ್ಲಾಸಿಗೇ ಮುಗಿದುಹೋಗುತ್ತದೆ. ಆದರೂ ತಾತ ಲೆಕ್ಕ ಹಾಕುತ್ತಾ ಕೂತಿಲ್ಲ. ಕ್ಲಾಸಿನಿಂದ ಅವನನ್ನು ಕರೆತರಲು ಹೋಗಿದ್ದಾರೆ.

ನಗುವಿಗೆ ಇಲ್ಲಿ ಸ್ವಲ್ಪ ಬ್ರೇಕ್ ಹಾಕಬೇಕು. ಹಳ್ಳಿ ಕಡೆ ಇದೇ ವ್ಯವಹಾರದ ಮುಖ ಬೇರೆ. ಅಲ್ಲಿ ಅಜ್ಜಿಗೆ ಇರುವುದು ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ, ರೇಷನ್ ಕಾರ್ಡಿನಲ್ಲಿ ಅವಳೇ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿಯ 2,000. ಆ ದುಡ್ಡು ಅತ್ತೆಗೋ ಸೊಸೆಗೋ ಅಂತ 2023ರಲ್ಲಿ ಇಡೀ ರಾಜ್ಯ ಕೂತು ಪಂಚಾಯಿತಿ ಮಾಡಿತ್ತು. ಸುಮ್ನೆ ಮಾಡಿದ್ದು! ಬಂದ ದುಡ್ಡು ಅತ್ತೆಯ ಖಾತೆಗೆ ಬಿದ್ದರೂ ಹೋಗುವುದು ಮೊಮ್ಮಕ್ಕಳ ನೋಟ್‌ಬುಕ್ಕಿಗೆ. ಸರ್ಕಾರಿ ಶಾಲೆಯ 8ನೇ ಕ್ಲಾಸಿನವರಿಗೆ 2006-07ರಿಂದ ಸರ್ಕಾರವೇ ಸೈಕಲ್ ಕೊಡುತ್ತಿತ್ತು. ಕೊರೊನಾ ಹೊತ್ತಿನಲ್ಲಿ ಸ್ಟ್ಯಾಂಡ್ ಹಾಕಿದ ಆ ಸೈಕಲ್ ವರ್ಷಗಟ್ಟಲೆ ಸ್ಟ್ಯಾಂಡಿನಲ್ಲೇ ಉಳಿಯಿತು. ಹೈಸ್ಕೂಲು ನಾಲ್ಕು ಮೈಲಿ ಆಚೆ. ಸರ್ಕಾರ ಅಜ್ಜಿಯ ಖಾತೆಗೆ ಹಾಕಿದ ದುಡ್ಡಿನಲ್ಲಿ ಅಜ್ಜಿ ಸರ್ಕಾರ ಕೊಡಬೇಕಿದ್ದ ಸೈಕಲ್ ಕೊಡಿಸುತ್ತಾಳೆ. ಕಂತು ತಡವಾದರೆ ಸೈಕಲ್ಲೂ ತಡ. ಆ ಅಜ್ಜಿಯನ್ನು ನೋಡಿ ನಗಲು ನನಗಂತೂ ಆಗುವುದಿಲ್ಲ. ನನ್ನ ಕೋಪ ಇರುವುದು ಪ್ರವಾಸದ ಇಎಂಐ ಮೇಲೆ.

ಕೊನೆಗೊಂದು ಸಣ್ಣ ಚಿಂತೆ. ರಾಜ್ಯ ಸರ್ಕಾರದ ಕೆಲಸಕ್ಕೆ 2006ರ ಏಪ್ರಿಲ್‌ನಿಂದ ಈಚೆಗೆ ಸೇರಿದವರು ಎನ್‌ಪಿಎಸ್‌ಗೆ, ಅಂದರೆ ಇಷ್ಟೇ ಪಿಂಚಣಿ ಅಂತ ಖಾತ್ರಿ ಇಲ್ಲದ ಹೊಸ ಪದ್ಧತಿಗೆ ಬಂದರು. ಕೇಂದ್ರದಲ್ಲಿ 2004ಕ್ಕೇ ಆ ಕಥೆ ಶುರುವಾಯಿತು. ಖಾಸಗಿ ಕಂಪನಿಯವರಿಗೆ ಇಪಿಎಸ್ ಅನ್ನೋ ಪಿಂಚಣಿ ಯೋಜನೆ ಇದೆ. ಅದರ ಕನಿಷ್ಠ ಪಿಂಚಣಿಯನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಅಂತ ಮಾಡಿದರು. ಈಗಿನ ಅಪ್ಪಂದಿರು ತಾತ ಆಗುವ ಹೊತ್ತಿಗೆ ಮೊಮ್ಮಕ್ಕಳ ಫೀಸು ಕಟ್ಟುವವರು ಯಾರು?

ಕೇಳಿದರೆ ಮಗ ತಲೆಕೆಡಿಸಿಕೊಳ್ಳುವುದಿಲ್ಲ. ‘ನಾನು ಮ್ಯೂಚುವಲ್ ಫಂಡಿನಲ್ಲಿ ಎಸ್‌ಐಪಿ ಶುರು ಮಾಡಿದ್ದೀನಿ’ ಅನ್ನುತ್ತಾನೆ. ನಿಜ, ಮಾಡಿದ್ದಾನೆ. ಅದು ಕಟ್ ಆಗುವುದು ಅಪ್ಪನ ಜೊತೆಗಿರುವ ಜಾಯಿಂಟ್ ಅಕೌಂಟಿನಿಂದ. ಪ್ರತಿ ತಿಂಗಳು 5ನೇ ತಾರೀಕು, ಪಿಂಚಣಿ ಬಿದ್ದ ಮೇಲೆ.