ನಾಲ್ಕು ತಂತಿಯವರ ಪಾಡು

ತಗ್ಗಿನ ಸ್ವರ ನುಡಿಸುವ ಬೇಸ್ ಗಿಟಾರ್ ಕಂಡವರು ಮೊದಲು ತಂತಿ ಎಣಿಸುತ್ತಾರೆ. ನಾಲ್ಕೇ ಇವೆ ಎಂದು ಖಾತ್ರಿಯಾದ ಮೇಲೆ ಅವರ ಮುಖದಲ್ಲಿ ಒಂದು ಬಗೆಯ ಮರುಕ ಮೂಡುತ್ತದೆ. "ಇನ್ನೆರಡು ಯಾವಾಗ ಹಾಕಿಸ್ತೀರಿ?" ಎಂದು ಕೇಳಿದವರೂ ಇದ್ದಾರೆ. ಆಮೇಲೆ "ಯಾವುದಾದರೂ ಹಾಡು ನುಡಿಸಿ, ಕೇಳೋಣ" ಅನ್ನುತ್ತಾರೆ. ಅಲ್ಲಿಗೆ ನಮ್ಮ ಕಥೆ ಮುಗಿಯಿತು. ನಾವು ನುಡಿಸುವುದು ಹಾಡನ್ನಲ್ಲ, ಹಾಡು ಕುಸಿಯದಂತೆ ಅದರ ಅಡಿಗೆ ಕೊಡುವ ಆಸರೆಯನ್ನು. ಅದನ್ನೇ ಬಿಡಿಯಾಗಿ ನುಡಿಸಿ ತೋರಿಸಿದರೆ ಸ್ವಲ್ಪ ಹೊತ್ತು ತಲೆದೂಗಿ, "ಹೂಂ, ಶುರು ಮಾಡಿ" ಅನ್ನುತ್ತಾರೆ.

ಹವ್ಯಾಸಿ ಬೇಸಿನವರ ಖರ್ಚೆಲ್ಲ ಈ ಒಂದು ಕೊರಗಿನಿಂದಲೇ ಹುಟ್ಟುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಮ್ಮೆಯಾದರೂ ಯಾರಾದರೂ ನಮ್ಮನ್ನು ಕಿವಿಗೊಟ್ಟು ಕೇಳಲಿ ಎಂದು ಸಾಮಾನು ತರುತ್ತೇವೆ. ಹಾಗೆ ತಂದ ಸಾಮಾನಿನ ಗುಣ ಕೇಳಿಸುವುದು ಮಾತ್ರ ಇನ್ನೊಬ್ಬ ಬೇಸಿನವನಿಗೆ. ಅವನೂ ಒಪ್ಪುವುದಿಲ್ಲ.

ನೋಡಿದರೆ ಈ ವಾದ್ಯ ಬಂದದ್ದೇ ನಮ್ಮ ಹೊರೆ ಇಳಿಸಲು. ಹಿಂದೆ ಬೇಸ್ ಎಂದರೆ ಆಳೆತ್ತರದ ಡಬಲ್ ಬೇಸ್. ಅದನ್ನು ಸಾಗಿಸುವಷ್ಟರಲ್ಲೇ ವಾದಕ ಅರ್ಧ ಸತ್ತಿರುತ್ತಿದ್ದ. 1951ರಲ್ಲಿ ಗಿಟಾರ್ ತಯಾರಕ ಲಿಯೋ ಫೆಂಡರ್ ತಮ್ಮ ಪ್ರಿಸಿಷನ್ ಬೇಸ್ ಹೊರತಂದು, ಹೆಗಲಿಗೆ ನೇತುಹಾಕಿಕೊಂಡು ಹೊರಡುವಂತೆ ಮಾಡಿದರು. (ಸ್ವತಃ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನಮ್ಮಂಥವರಿಗೆ ಇದೊಂದು ಸಣ್ಣ ಧೈರ್ಯ.) ಬೆನ್ನಿಗೆ ಸಿಕ್ಕ ಈ ರಜೆ ಹದಿನೆಂಟು ವರ್ಷ ನಡೆಯಿತು. 1969ರಲ್ಲಿ ಆಂಪೆಗ್ ಕಂಪನಿಯ ಎಸ್‌ವಿಟಿ ಎಂಬ ಆಂಪು (ಸದ್ದು ಹಿಗ್ಗಿಸುವ ಯಂತ್ರ) ಬಂತು: 300 ವಾಟ್, ಒಳಗೆಲ್ಲ ಗಾಜಿನ ವಾಲ್ವುಗಳು, ಅಡಿಗೆ ಹತ್ತಿಂಚಿನ ಎಂಟು ಸ್ಪೀಕರುಗಳ ಪೆಟ್ಟಿಗೆ. ಆ ಪೆಟ್ಟಿಗೆಗೆ ಬೇಸಿನವರೇ ಇಟ್ಟ ಅಡ್ಡಹೆಸರು ಫ್ರಿಜ್. ಹೆಗಲಿಂದ ಇಳಿದ ಹೊರೆ ಸೊಂಟಕ್ಕೆ ಬಂತು.

ಅಷ್ಟೊಂದು ವಾಟ್ ಯಾಕೆ ಅಂದರೆ, ತಪ್ಪು ಕಿವಿಯದ್ದು. ನಮ್ಮ ದಪ್ಪ ಇ (E) ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ವರ ಎಂದರೆ ಮನುಷ್ಯನ ಕಿವಿಗೆ ಎಲ್ಲಿಲ್ಲದ ಸೋಮಾರಿತನ, ಜೋರಾಗಿ ತಟ್ಟಿ ಎಬ್ಬಿಸಬೇಕು. ಗಿಟಾರಿನವನು 30 ವಾಟಿನಲ್ಲಿ ಬೀದಿಯನ್ನೇ ಎಬ್ಬಿಸುತ್ತಾನೆ. ನಾವು ಅದರ ಹತ್ತರಷ್ಟು ಹೊತ್ತು ತಂದರೂ ಕಾರ್ಯಕ್ರಮ ಮುಗಿದ ಮೇಲೆ "ಇವತ್ತು ಬೇಸ್ ಇತ್ತಾ?" ಎಂಬ ಪ್ರಶ್ನೆ ತಪ್ಪುವುದಿಲ್ಲ. ಈಗೀಗ ಎರಡು ಮೂರು ಕಿಲೋ ತೂಗುವ ಕ್ಲಾಸ್ ಡಿ ಆಂಪುಗಳು ಬಂದಿವೆ, ಕೈಚೀಲದಲ್ಲಿ ಹಿಡಿಸುತ್ತವೆ. ಆದರೂ "ತೂಕವೇ ಇಲ್ಲದ್ದರಲ್ಲಿ ನಾದ ಎಲ್ಲಿಂದ ಬರಬೇಕು?" ಎನ್ನುವ ಪಂಗಡ ನಮ್ಮಲ್ಲಿ ಗಟ್ಟಿಯಾಗಿದೆ. ಈ ಪಂಗಡದವರು ಯಾರೂ ತಮ್ಮ ಪೆಟ್ಟಿಗೆಯನ್ನು ತಾವೇ ಎತ್ತಿದ್ದನ್ನು ನಾನು ನೋಡಿಲ್ಲ.

ಇನ್ನು ಅಭ್ಯಾಸದ ಕೋಣೆ. 41 ಹರ್ಟ್ಸಿನ, ಅಂದರೆ ಸೆಕೆಂಡಿಗೆ 41 ಸಲ ಕಂಪಿಸುವ, ಅಲೆಯೊಂದರ ಉದ್ದ ಎಂಟು ಮೀಟರ್ ದಾಟುತ್ತದೆ. ನಮ್ಮ ಕೋಣೆ ಅದರ ಅರ್ಧವೂ ಇಲ್ಲ. ಗೋಡೆಯಿಂದ ಗೋಡೆಗೆ ಪುಟಿದು ಬಂದ ಸದ್ದು ಕೆಲವು ಕಡೆ ರಾಶಿ ಬೀಳುತ್ತದೆ, ಕೆಲವು ಕಡೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಹೀಗಾಗಿ ಮೂಲೆಯಲ್ಲಿ ಕೂತ ಡ್ರಮ್ಮಿನವನು "ಸ್ವಲ್ಪ ಕಮ್ಮಿ ಮಾಡೋ, ಎದೆ ನಡುಗ್ತಿದೆ" ಎಂದು ಕೂಗುವ ಹೊತ್ತಿಗೇ ನಡುವೆ ನಿಂತ ಗಿಟಾರಿನವನು "ಜಾಸ್ತಿ ಮಾಡೋ, ಏನೂ ಕೇಳ್ತಿಲ್ಲ" ಎನ್ನುತ್ತಾನೆ. ಇಬ್ಬರ ಮಾತೂ ನಿಜ. ಉದ್ದನೆಯ ಕೇಬಲ್ ಹಾಕಿಕೊಂಡು, ಸ್ವರ ಸರಿಯಾಗಿ ಕೇಳುವ ಜಾಗ ಹುಡುಕುತ್ತ ನಾನು ಕೋಣೆಯೆಲ್ಲ ಸುತ್ತಿದ್ದೇನೆ. ಸಿಕ್ಕಿತು. ಬಾಗಿಲಾಚೆ, ಚಪ್ಪಲಿ ಬಿಡುವಲ್ಲಿ.

ಗುಂಯ್‌ಗುಡುವ ಕಾಟವೂ ಇದೆ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿ) ಇರುವ ಬೇಸು ಸುತ್ತಲಿನ ಕರೆಂಟಿನ ಗುನುಗನ್ನೆಲ್ಲ ಹೀರಿಕೊಂಡು ಆಂಪಿಗೆ ಒಪ್ಪಿಸುತ್ತದೆ. ಕರೆಂಟು 50 ಹರ್ಟ್ಸ್ ಇರುವ ಕಡೆಯಲ್ಲೆಲ್ಲ ಇದರದೊಂದು ತಮಾಷೆಯಿದೆ: ಇ ತಂತಿಯ ಮೂರನೇ ಫ್ರೆಟ್ಟಿನ (ವಾದ್ಯದ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಯೇ ಫ್ರೆಟ್) ಜಿ (G) ಸ್ವರ ಸರಿಯಾಗಿ 49 ಹರ್ಟ್ಸ್. ಅಂದರೆ ಕರೆಂಟು ದಿನವಿಡೀ, ಕೂದಲೆಳೆಯಷ್ಟು ಏರಿದ ಜಿ ಹಿಡಿದುಕೊಂಡೇ ಇರುತ್ತದೆ. ಜಿ ಮೇಜರ್ (ಜಿ ಸ್ವರವೇ ನೆಲೆಯಾದ) ಹಾಡೊಂದನ್ನು ಮುಗಿಸಿ ನಾನು ಕೈ ತೆಗೆದ ಮೇಲೂ ಆಂಪು ಆ ಸ್ವರವನ್ನು ಬಿಡಲಿಲ್ಲ. ಹಾಡುವಾಕೆ ಹಿಂತಿರುಗಿ, "ಕೊನೇ ಸ್ವರ ಎಷ್ಟು ಚೆನ್ನಾಗಿ ಹಿಡಿದ್ರಿ!" ಎಂದಳು. ಆಕೆ ನನ್ನ ಬೇಸನ್ನು ಹೊಗಳಿದ್ದು ಅದೊಂದೇ ಸಲ. ಎರಡು ಪಿಕಪ್ ಇರುವ ಬೇಸುಗಳಲ್ಲಿ ಸಾಮಾನ್ಯವಾಗಿ ಎರಡರ ಗುಂಡಿಯನ್ನೂ ಸಮವಾಗಿಟ್ಟರೆ ಈ ಗುಂಯ್ ಅಡಗುತ್ತದೆ. ನನಗದು ಗೊತ್ತಿತ್ತು, ಆದರೆ ಹೊಗಳಿಕೆ ಬಂದ ಮೇಲೆ ಸರಿಪಡಿಸಲು ಮನಸ್ಸಾಗಲಿಲ್ಲ.

ನನಗಿಂತ ನನ್ನ ಗೆಳೆಯನ ಕಥೆ ದೊಡ್ಡದು. ಇವನೂ ಬೇಸಿನವನೇ, ಇನ್ನೊಂದು ತಂಡದಲ್ಲಿದ್ದಾನೆ. ಬೇಸ್ ತಂತಿ ದುಬಾರಿ. ಕೆಲವು ತಿಂಗಳಲ್ಲಿ ಸುತ್ತುಗಳ ಸಂದಿಯಲ್ಲಿ ಬೆವರು, ಕೊಳೆ ಸೇರಿ ಸದ್ದು ಮಂಕಾಗುತ್ತದೆ. ತಂತಿ ಬಿಚ್ಚಿ ಕುದಿಯುವ ನೀರಿಗೆ ಹಾಕಿದರೆ ಕೊಳೆ ಬಿಟ್ಟು ಕೆಲ ದಿನ ಮತ್ತೆ ಹೊಳಪಿನ ಸದ್ದು ಬರುತ್ತದೆ. ಇದು ಬಹಳ ಹಳೆಯ ಉಪಾಯ, ನಿಜಕ್ಕೂ ಕೆಲಸ ಮಾಡುತ್ತದೆ. ಮನೆಯಲ್ಲಿ ಯಾರೂ ಇರಬಾರದು, ಅಷ್ಟೇ. ಅವನ ಅಮ್ಮ ಅಡುಗೆಮನೆಗೆ ಬಂದು ಮುಚ್ಚಳ ತೆಗೆದರು. ಕಂದು ನೀರಲ್ಲಿ ನಾಲ್ಕು ಉದ್ದನೆಯ ತಂತಿ ಸುರುಳಿ ಸುತ್ತಿಕೊಂಡು ಕುದಿಯುತ್ತಿವೆ.

"ಏನೋ ಇದು?"

"ತಂತಿ ಅಮ್ಮ."

ಅವರು ಸೌಟಿನಿಂದ ಒಂದನ್ನು ಎತ್ತಿ ನೋಡಿ, ಮತ್ತೆ ಒಳಗೆ ಬಿಟ್ಟು, "ಬೇಯೋಕೆ ಇನ್ನೂ ಎಷ್ಟು ಹೊತ್ತು ಬೇಕಂತೆ?" ಎಂದರು. ಆ ಪಾತ್ರೆ ಇವತ್ತಿಗೂ ಅವನ ಕೋಣೆಯಲ್ಲೇ ಇದೆ. ಅಡುಗೆಮನೆಗೆ ಅದಕ್ಕೆ ಪ್ರವೇಶವಿಲ್ಲ.

ಅದಾದ ಮೇಲೆ ಅವನು ಜೇಮ್ಸ್ ಜೇಮರ್ಸನ್ ಭಕ್ತನಾದ. ಅಮೆರಿಕದ ಮೋಟೌನ್ ಧ್ವನಿಮುದ್ರಣ ಸಂಸ್ಥೆಯ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಬೇಸ್ ನುಡಿಸಿದ ಜೇಮರ್ಸನ್ ತಂತಿ ಬದಲಿಸಲು ಹೋಗುತ್ತಿರಲಿಲ್ಲ. ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದರು, ಆ ಬೆರಳಿಗೆ ಕೊಕ್ಕೆ ಎಂದೇ ಹೆಸರು ಬಿದ್ದಿತ್ತು. ಹವ್ಯಾಸಿ ಬೇಸಿನವರಿಗೆಲ್ಲ ಈ ಎರಡು ಸಂಗತಿ ಬಾಯಿಪಾಠ. ಒಂದರಿಂದ ತಂತಿಯ ಖರ್ಚು ಉಳಿಯಿತು, ಇನ್ನೊಂದರಿಂದ ಉಳಿದ ಬೆರಳುಗಳ ಅಭ್ಯಾಸ ಉಳಿಯಿತು. ಆ ಒಂದು ಬೆರಳಿನಲ್ಲಿ ಅವರು ಏನೇನು ನುಡಿಸಿದರು ಎಂಬ ಮೂರನೇ ಸಂಗತಿಯನ್ನು ಯಾರೂ ಎತ್ತುವುದಿಲ್ಲ.

ಭಕ್ತಿ ಹೆಚ್ಚು ಕಾಲ ನಿಲ್ಲಲಿಲ್ಲ. ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ 1976ರಲ್ಲಿ ತಮ್ಮ ಹೆಸರಿನದೇ ಮೊದಲ ಆಲ್ಬಂ ತಂದು, ಫ್ರೆಟ್ ಇಲ್ಲದ ಬೇಸು ಏನು ಮಾಡಬಲ್ಲದು ಎಂದು ತೋರಿಸಿದರಲ್ಲ, ಅಂದಿನಿಂದ ಅದೆಷ್ಟು ಮನೆಗಳಲ್ಲಿ ಇಕ್ಕಳಕ್ಕೆ ಕೆಲಸ ಬಂದಿದೆಯೋ! ನನ್ನ ಗೆಳೆಯನೂ ತನ್ನ ಬೇಸಿನ ಫ್ರೆಟ್ಟುಗಳನ್ನು ಒಂದೊಂದಾಗಿ ಕಿತ್ತ. ಫ್ರೆಟ್ ಕೀಳುವಾಗ ಕಾವು ಕೊಟ್ಟು, ತಾಳ್ಮೆಯಿಂದ, ಮರ ಸಿಬಿರೇಳದಂತೆ ಎಬ್ಬಿಸಬೇಕು. ಇವನ ಬೇಸಿನಲ್ಲಿ ಫ್ರೆಟ್ಟಿನ ಜೊತೆ ಮರವೂ ಬಂತು. ಫೆಂಡರ್ ತಮ್ಮ ಬೇಸಿಗೆ ಪ್ರಿಸಿಷನ್ ಎಂದು ಹೆಸರಿಟ್ಟದ್ದೇ ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತದೆ ಎಂದು. ಆ ಅನುಕೂಲವನ್ನು ಇವನು ಒಂದು ಮಧ್ಯಾಹ್ನದಲ್ಲಿ ಚೊಕ್ಕ ಮಾಡಿದ. ಮೊದಲಾದರೆ ಫ್ರೆಟ್ಟಿಗೊಂದು ತಪ್ಪು ಸ್ವರ ಸಿಗುತ್ತಿತ್ತು, ಈಗ ಎರಡು ಫ್ರೆಟ್ಟಿನ ನಡುವಿನ ಜಾಗವೂ ತಪ್ಪಲು ತೆರವಾಯಿತು.

ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಪೆಡಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪ್ರೆಸರ್ ಎಂಬುದೊಂದಿದೆ. ಜೋರಾದದ್ದನ್ನು ತಗ್ಗಿಸಿ, ಮೆತ್ತಗಿನದನ್ನು ಎತ್ತಿ, ಎಲ್ಲವನ್ನೂ ಒಂದು ಮಟ್ಟಕ್ಕೆ ತರುತ್ತದೆ. ಹದವಾಗಿ ಇಟ್ಟರೆ ಅದು ಇರುವುದೇ ಗೊತ್ತಾಗಬಾರದಂತೆ. ಗೊತ್ತಾಗದೇ ಇರುವುದಕ್ಕೆಂದೇ ದುಡ್ಡು ಕೊಟ್ಟು ಕೊಳ್ಳುವ ವಸ್ತು ನನಗೆ ತಿಳಿದಂತೆ ಇದೊಂದೇ. ಗೆಳೆಯನ ಹತ್ತಿರ ಎರಡಿವೆ.

ಇಷ್ಟೆಲ್ಲ ಸನ್ನಾಹ ಕೊನೆಗೆ ಯಾಕೆ? ಸೋಲೋಗೆ, ಅಂದರೆ ಒಬ್ಬನೇ ನುಡಿಸುವ ಸರದಿಗೆ. ಹವ್ಯಾಸಿ ತಂಡಗಳಲ್ಲಿ ಬೇಸಿನವನಿಗೆ ಸೋಲೋ ಕೇಳಿ ಸಿಗುವುದಲ್ಲ. ಗಿಟಾರಿನವನ ತಂತಿ ಹರಿದಿರಬೇಕು, ಇಲ್ಲವೇ ಹಾಡುವವರ ಗಂಟಲು ಒಣಗಿರಬೇಕು. "ಎಂಟು ಬಾರ್ ಏನಾದ್ರೂ ಮಾಡೋ" ಎಂದು ಸನ್ನೆಯಾಗುತ್ತದೆ (ಬಾರ್ ಎಂದರೆ ತಾಳದ ಒಂದು ಸುತ್ತು), ಮರುಕ್ಷಣವೇ ಎಲ್ಲರೂ ನಿಲ್ಲಿಸಿಬಿಡುತ್ತಾರೆ. ಅವರಿಗದು ಗೌರವ. ನನ್ನನ್ನು ಕೇಳಿದರೆ ಇದಕ್ಕಿಂತ ದೊಡ್ಡ ದ್ರೋಹ ಇಲ್ಲ. ಉಳಿದವರು ನುಡಿಸುತ್ತಿದ್ದಾಗ ನಾವು ಅವರಿಗೆ ಆಸರೆ, ನಾವು ನುಡಿಸುವಾಗ ನಮಗೆ ಆಸರೆ ಕೊಡುವವರು ಯಾರು? ಡ್ರಮ್ಮಿನವನ ಹೈಹ್ಯಾಟ್ ಟಿಕ್‌ಟಿಕ್ ಎನ್ನುತ್ತಿರಲಿ, ಕೀಬೋರ್ಡಿನವನು ಬಾರಿಗೊಂದು ಕಾರ್ಡ್ (ಸ್ವರಗುಚ್ಛ) ಒತ್ತುತ್ತಿರಲಿ, ಸಾಕು. ಅದಿಲ್ಲದಿದ್ದರೆ ಮೂರನೇ ಬಾರಿನ ಹೊತ್ತಿಗೆ ತಾಳದ ಮೊದಲ ಪೆಟ್ಟು ಎಲ್ಲಿತ್ತು ಎಂಬುದು ಕೇಳುಗರಿಗಿರಲಿ, ನುಡಿಸುವವನಿಗೇ ಮರೆತಿರುತ್ತದೆ.

ಇನ್ನು ನಾವು ಮಾಡುವ ಎಡವಟ್ಟು. ಸೋಲೋ ಸಿಕ್ಕ ಕೂಡಲೇ ತಗ್ಗಿನ ಸ್ವರಗಳ ಗುರುತೇ ಇಲ್ಲದವರಂತೆ ಮೇಲಿನ ಫ್ರೆಟ್ಟುಗಳಿಗೆ ಓಡುತ್ತೇವೆ. ಅಲ್ಲಿ ಕೆಲಸ ಮುಗಿದ ಮೇಲೆ ಹೆಬ್ಬೆರಳಿನಿಂದ ತಂತಿಗೆ ಬಡಿಯಲು ಶುರು. ಸ್ಲ್ಯಾಪ್ ಎಂಬ ಈ ಬಡಿತವನ್ನು ಬೇಸ್ ಗಿಟಾರಿಗೆ ತಂದ ಲ್ಯಾರಿ ಗ್ರಹಾಂ, ಅಮ್ಮನ ಜೊತೆ ನುಡಿಸುತ್ತಿದ್ದಾಗ ಡ್ರಮ್ಮಿನವರು ಇಲ್ಲದಾಗಿ, ಆ ಕೊರತೆ ತುಂಬಲು ಹೆಬ್ಬೆರಳಲ್ಲಿ ಬಡಿದು, ಬೆರಳಲ್ಲಿ ಎಳೆದು ಬಿಟ್ಟರು. ಅವರಿಗೆ ಡ್ರಮ್ ಇರಲಿಲ್ಲ, ಸರಿ. ನಮಗೆ ಪಕ್ಕದಲ್ಲೇ ಡ್ರಮ್ ಇದೆ, ಅದನ್ನು ನಿಲ್ಲಿಸಿ ನಾವು ಬಡಿಯುತ್ತೇವೆ. ಡ್ರಮ್ಮಿನವನು ನೀರು ಕುಡಿಯುತ್ತ ನೋಡುತ್ತಾನೆ.

ಗೆಳೆಯನಿಗೆ ಒಂದು ದೊಡ್ಡ ಕಾರ್ಯಕ್ರಮದಲ್ಲಿ ಸೋಲೋ ಮುಂಚಿತವಾಗಿಯೇ ನಿಗದಿಯಾಯಿತು. ಅದಕ್ಕಾಗಿ ಐದು ತಂತಿಯ ಹೊಸ ಬೇಸ್ ತಂದ. ಅದರ ತಗ್ಗಿನ ಬಿ ತಂತಿ ಸುಮಾರು 31 ಹರ್ಟ್ಸಿಗೆ ಇಳಿಯುತ್ತದೆ. ಅವನ ಆಂಪು ಅಲ್ಲಿಯ ತನಕ ಇಳಿಯುವುದಿಲ್ಲ, ಅದು ಬೇರೆ ಮಾತು. ಆಕ್ಟಿವ್ ಬೇಸು, ಅಂದರೆ ಹೊಟ್ಟೆಯಲ್ಲಿ 9 ವೋಲ್ಟಿನ ಬ್ಯಾಟರಿ. ಅಂಥ ಬೇಸಿನಲ್ಲಿ ಕೇಬಲ್ ಚುಚ್ಚಿಟ್ಟಷ್ಟು ಹೊತ್ತೂ ಬ್ಯಾಟರಿ ಸವೆಯುತ್ತಿರುತ್ತದೆ. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಅಷ್ಟೇ, ಬೇಸು ಗೋಡೆಗೊರಗಿ ಮಲಗಿದ್ದರೂ ಅಷ್ಟೇ. ಕೊಂಡ ದಿನದಿಂದ ಅವನು ಕೇಬಲ್ ತೆಗೆದಿರಲಿಲ್ಲ.

ಸೋಲೋ ಶುರುವಾಯಿತು. ಎಲ್ಲರೂ ನಿಲ್ಲಿಸಿದರು. ವಾಡಿಕೆಯಂತೆ ಸಭೆಯಲ್ಲಿ ಮಾತು ಶುರುವಾಯಿತು, ಒಬ್ಬಿಬ್ಬರು ಫೋನು ತೆಗೆದರು. ಐದನೇ ಬಾರಿನಲ್ಲಿ ಸದ್ದು ಕರಕರ ಎಂದಿತು, ಆಮೇಲೆ ತೆಳ್ಳಗಾಯಿತು, ಆಮೇಲೆ ಪಿಸುಮಾತಿನಷ್ಟಾಗಿ ನಿಂತೇ ಹೋಯಿತು. ಅವನು ಬೆರಳು ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ, ನುಡಿಸುತ್ತಲೇ ಇದ್ದ. ಇದೇನೋ ಬಹಳ ಸೂಕ್ಷ್ಮವಾದದ್ದು ನಡೆಯುತ್ತಿದೆ ಎಂದುಕೊಂಡ ಜನ ಮಾತು ನಿಲ್ಲಿಸಿದರು. ಮುಂದಿನ ಸಾಲಿನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಬೇಸ್ ಸೋಲೋ ಒಂದನ್ನು ಇಡೀ ಸಭೆ ಉಸಿರು ಬಿಗಿಹಿಡಿದು ಆಲಿಸಿದ್ದನ್ನು ನಾನು ಕಂಡದ್ದು ಅಲ್ಲಿಯೇ. ಎಂಟನೇ ಬಾರು ಮುಗಿದು ಡ್ರಮ್ ಎದ್ದಾಗ ಚಪ್ಪಾಳೆಯೋ ಚಪ್ಪಾಳೆ. ಕಾರ್ಯಕ್ರಮ ಮುಗಿದ ಮೇಲೆ ಹಿರಿಯರೊಬ್ಬರು ಬಂದು ಅವನ ಕೈ ಹಿಡಿದು, "ಆ ಕೊನೆಯ ಭಾಗ ಇದೆಯಲ್ಲ, ಅದು ಮನಸ್ಸಿಗೆ ತಾಗಿತು" ಎಂದರು. ಇವನು ತಲೆ ತಗ್ಗಿಸಿ, "ಅದಕ್ಕೆ ತುಂಬಾ ಅಭ್ಯಾಸ ಬೇಕಾಯ್ತು ಸರ್" ಎಂದ.

ಯಾರೋ ಫೋನಿನಲ್ಲಿ ಪೂರ್ತಿ ಕಾರ್ಯಕ್ರಮ ಹಿಡಿದಿದ್ದರು. ಮರುದಿನ ಅಮ್ಮನಿಗೆ ತೋರಿಸಿದ. ಫೋನಿನ ಸ್ಪೀಕರಿಗೆ ನಮ್ಮ ತಗ್ಗಿನ ಸ್ವರಗಳನ್ನು ಹೊರಡಿಸುವ ತಾಕತ್ತೇ ಇಲ್ಲ. ಹಾಗಾಗಿ ಬ್ಯಾಟರಿ ಸತ್ತ ಮೇಲಿನ ಭಾಗಕ್ಕೂ ಅದಕ್ಕೆ ಹಿಂದಿನ ಒಂದೂವರೆ ಗಂಟೆಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅಮ್ಮ ಬಹಳ ಹೊತ್ತು ನೋಡಿ, "ನೀನು ಯಾವಾಗ ನುಡಿಸೋದು?" ಎಂದು ಕೇಳಿದರು. ಅವನು ಓಡಿಹೋಗಿ ತನ್ನ ಒಳ್ಳೆಯ ಹೆಡ್‌ಫೋನ್ ತಂದು, ಅಮ್ಮನ ಕಿವಿಗೆ ಹಾಕಿ, ಮೊದಲಿನಿಂದ ಮತ್ತೆ ಶುರು ಮಾಡಿದ. ಅವರು ಎರಡು ಹಾಡು ಗಮನವಿಟ್ಟು ಕೇಳಿದರು.

"ಈಗ ಎಲ್ಲಾ ಚೆನ್ನಾಗಿ ಕೇಳುತ್ತೆ ಕಣೋ," ಎಂದರು. "ಹಿಂದೆ ಏನೋ ಒಂದು ಗುಂಯ್ ಅಂತಾನೇ ಇದೆಯಲ್ಲ, ಅದೊಂದನ್ನ ತೆಗೆಸೋಕಾಗಲ್ವಾ?"