ಸತ್ಯಾಂಶ: ಸಾವಿರ ‘ಬಿತ್ತಿದರೆ’ ಲಕ್ಷ ಸಿಗುತ್ತದೆ ಎಂದು ಬೈಬಲ್ ಹೇಳುತ್ತದೆಯೇ?

ಮಂಗಳೂರು ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ: ‘ಈ ನಂಬರಿಗೆ ಇವತ್ತೇ ಸಾವಿರ ರೂಪಾಯಿ ಬಿತ್ತಿ, ದೇವರು ನೂರು ಪಟ್ಟು ಕೊಡುತ್ತಾನೆ. ತಡಮಾಡಿದರೆ ಆಶೀರ್ವಾದ ತಪ್ಪುತ್ತದೆ. ಗಲಾತ್ಯ 6:7.’

ಬೈಬಲಿನ ಗಲಾತ್ಯ ಪತ್ರದಲ್ಲಿ ಈ ವಚನ ಇರುವುದು ನಿಜ. ಮನುಷ್ಯ ಏನು ಬಿತ್ತುತ್ತಾನೋ ಅದನ್ನೇ ಕೊಯ್ಯುತ್ತಾನೆ ಅಂತಲೇ ಇದೆ. ಆದರೆ ಮುಂದಿನ ಸಾಲನ್ನು ಸುಮ್ನೆ ಬಿಟ್ಟಿದ್ದಾರೆ. ದೇಹದ ಆಸೆಗಳಿಗೆ ಬಿತ್ತಿದವನಿಗೆ ನಾಶ, ಪವಿತ್ರಾತ್ಮನಿಗೆ ಬಿತ್ತಿದವನಿಗೆ ನಿತ್ಯಜೀವ ಎನ್ನುತ್ತಾನೆ ಈ ಪತ್ರ ಬರೆದ ಪೌಲ. ಬ್ಯಾಂಕ್ ಬ್ಯಾಲೆನ್ಸಿನ ಮಾತೇ ಇಲ್ಲ! 9ನೇ ವಚನ ಇನ್ನೂ ಸರಳ: ಒಳ್ಳೆಯದು ಮಾಡಿ ಬೇಸರಪಡಬೇಡಿ, ಕೊಯ್ಲು ತಕ್ಕ ಕಾಲಕ್ಕೆ ಬರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ (ಕರಾವಳಿ ಕ್ಯಾಥೊಲಿಕರ ತೆನೆಹಬ್ಬ) ಚರ್ಚಿನಿಂದ ತೆನೆ ತಂದು, ಹೊಸ ಅಕ್ಕಿಯನ್ನು ಹಾಲಿಗೆ ಬೆರೆಸಿ ಮನೆಮಂದಿ ಹಂಚಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಟ್ಟ ಗದ್ದೆ ವಾರದಲ್ಲಿ ಕೊಯ್ಲಿಗೆ ಬರುವುದಿಲ್ಲ ಅಲ್ವಾ?

ನೂರು ಪಟ್ಟು ಬೆಳೆ ಯೇಸು ಹೇಳಿದ ಬಿತ್ತುವವನ ಸಾಮತಿಯಲ್ಲಿದೆ (ದೃಷ್ಟಾಂತ ಕಥೆ). ಅಲ್ಲಿ ಬೀಜ ದೇವರ ವಾಕ್ಯ, ದುಡ್ಡಲ್ಲ (ಮಾರ್ಕ 4:14).

ದಾನದ ವಿಷಯದಲ್ಲಿ ಪೌಲ ಬಿತ್ತನೆಯ ಮಾತಾಡುವುದು ಅವನ ಇನ್ನೊಂದು ಪತ್ರ 2 ಕೊರಿಂಥದ 9ನೇ ಅಧ್ಯಾಯದಲ್ಲಿ. ಅದು ಜೆರುಸಲೇಮಿನ ಬಡ ವಿಶ್ವಾಸಿಗಳಿಗೆ ಸಂಗ್ರಹಿಸಿದ ನೆರವು. ಒತ್ತಾಯಕ್ಕೆ ಕೊಡಬೇಡಿ ಅಂತ ಅಲ್ಲೇ 7ನೇ ವಚನದಲ್ಲಿದೆ. ‘ತಡಮಾಡಿದರೆ ತಪ್ಪುತ್ತದೆ’ ಅನ್ನುವ ಬೆದರಿಕೆ ಫಾರ್ವರ್ಡ್ ಬರೆದವರದ್ದು.